ಪ್ರತಿಜ್ಞೆ ಹುಡುಗನದ್ದು, ಪದಕ ಎಲ್ಲರದ್ದು

2023ರ ಸೆಪ್ಟೆಂಬರ್ 26. ದೆಹಲಿಯ ಜವಾಹರಲಾಲ್ ನೆಹರೂ ಕ್ರೀಡಾಂಗಣದಲ್ಲಿ ದೆಹಲಿ ರಾಜ್ಯ ಅಥ್ಲೆಟಿಕ್ಸ್ ಕೂಟದ ಕೊನೆಯ ದಿನ. ಪುರುಷರ 100 ಮೀಟರ್ ಫೈನಲ್‌ಗೆ ಎಂಟು ಜನ ಬರಬೇಕಿತ್ತು. ಬಂದವನು ಒಬ್ಬ. ಮಿಕ್ಕ ಏಳು ಜನರಿಗೂ ಒಂದೇ ಹೊತ್ತಿಗೆ ಕಾಲು ಹಿಡಿದುಕೊಂಡಿತ್ತಂತೆ! ಆ ಒಬ್ಬನೇ ಓಡಿದ, ಒಬ್ಬನೇ ಗೆದ್ದ.

ವಿಷಯ ಏನಪ್ಪಾ ಅಂದರೆ, ಅಂದು ಬೆಳಗ್ಗೆ ನಾಡಾದವರು, ಅಂದರೆ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆಯವರು, ಮೂತ್ರದ ಬಾಟಲಿ ಹಿಡಿದು ಮೈದಾನಕ್ಕೆ ಬಂದಿದ್ದರು. ಕ್ರೀಡಾಂಗಣದ ಶೌಚಾಲಯದಲ್ಲಿ ಬಳಸಿ ಬಿಸಾಡಿದ ಸಿರಿಂಜುಗಳು ಬಿದ್ದಿರುವ ವಿಡಿಯೊ ಅದಕ್ಕೂ ಮುಂಚೆಯೇ ಮೊಬೈಲುಗಳಲ್ಲಿ ಓಡಾಡಿತ್ತು. ಸುದ್ದಿ ಹಬ್ಬಿದ್ದೇ ತಡ, ಕೂಟಕ್ಕೆ ಬಂದಿದ್ದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಗಾಯಬ್. ಜೂನಿಯರ್ ಸ್ಟೀಪಲ್‌ಚೇಸ್ ಓಡುತ್ತಿದ್ದ ಒಬ್ಬ ಹುಡುಗಿ ಮುಕ್ತಾಯದ ಗೆರೆ ದಾಟಿದ ಮೇಲೂ ನಿಲ್ಲಲಿಲ್ಲ. ಓಡುತ್ತಲೇ ಹೋದಳು. ಮಾದರಿ ತೆಗೆದುಕೊಳ್ಳಬೇಕಿದ್ದ ಅಧಿಕಾರಿ ಹಿಂದಿನಿಂದ ಓಡಬೇಕಾಯಿತು.

ನಾನು ಹೇಳಹೊರಟಿರುವುದು ಕಾಲೇಜು ಕ್ರೀಡೆಯ ನೀತಿ ನಿಯತ್ತಿನ ಬಗ್ಗೆ. ದೆಹಲಿಯದು ಕಾಲೇಜು ಕೂಟ ಅಲ್ಲ, ರಾಜ್ಯ ಮಟ್ಟದ ಕೂಟ ನಿಜ. ಆದರೆ ಓಡಿಹೋದವರ ವಯಸ್ಸು ನೋಡಿ. ಪಿಯುಸಿ, ಡಿಗ್ರಿ ಓದುವ ವಯಸ್ಸಿನ ಮಕ್ಕಳು. ಇವತ್ತು ಇಲ್ಲಿ ಓಡಿದವರೇ ನಾಳೆ ಅಂತರ ವಿಶ್ವವಿದ್ಯಾಲಯ ಕೂಟದಲ್ಲಿ ಚೆಸ್ಟ್ ನಂಬರ್ ಚುಚ್ಚಿಕೊಂಡು ನಿಲ್ಲುವವರು. ಅವರಲ್ಲಿ ಒಲಿಂಪಿಕ್ಸ್ ಕನಸು ಕಾಣುವವರು ತೀರಾ ಕಡಿಮೆ. ಹಾಗಾದರೆ ಇಷ್ಟು ಸಣ್ಣ ಕೂಟಕ್ಕೆ ಇಷ್ಟು ದೊಡ್ಡ ಅಪಾಯ ಯಾಕೆ ಮೈಮೇಲೆ ಎಳೆದುಕೊಳ್ಳುತ್ತಾರೆ?

ಉತ್ತರ ಟ್ರ್ಯಾಕ್ ಮೇಲಿಲ್ಲ, ಕಾಗದದಲ್ಲಿದೆ.

ಕೇಂದ್ರ ಸರ್ಕಾರದ ಗ್ರೂಪ್ ಸಿ ಹುದ್ದೆಗಳಿಗೆ ಕ್ರೀಡಾ ಕೋಟಾದಡಿ ಅರ್ಜಿ ಹಾಕಲು ಯಾರು ಅರ್ಹರು ಎಂಬ ಪಟ್ಟಿ ಇದೆ. ದೇಶವನ್ನೋ ರಾಜ್ಯವನ್ನೋ ಪ್ರತಿನಿಧಿಸಿದವರು ಅದರಲ್ಲಿ ಇದ್ದಾರೆ. ಅವರ ಜೊತೆಗೇ, ಅಂತರ ವಿಶ್ವವಿದ್ಯಾಲಯ ಕೂಟದಲ್ಲಿ ತಮ್ಮ ವಿವಿಯನ್ನು ಪ್ರತಿನಿಧಿಸಿದವರೂ ಇದ್ದಾರೆ. ಅದಕ್ಕೆಂದೇ ಒಂದು ನಮೂನೆ ಇದೆ, ಫಾರ್ಮ್ 3 ಅಂತ. ರೈಲ್ವೆ, ಸೇನೆ, ಪೊಲೀಸ್ ಎಲ್ಲ ಕಡೆಯೂ ಕ್ರೀಡಾಪಟುಗಳಿಗೆ ಒಂದಲ್ಲ ಒಂದು ಬಾಗಿಲು ಇದೆ. ವೃತ್ತಿಪರ ಕೋರ್ಸುಗಳಲ್ಲಿ ಕ್ರೀಡಾ ಕೋಟಾದ ಸೀಟು ಬೇರೆ. ಇದರಲ್ಲಿ ತಪ್ಪೇನೂ ಇಲ್ಲ. ಹೊಲದಲ್ಲಿ ಕೆಲಸ ಮಾಡುವ ಅಪ್ಪನ ಮಗಳಿಗೆ ಓಟದಿಂದ ಒಂದು ಸರ್ಕಾರಿ ಕೆಲಸ ಸಿಕ್ಕರೆ ಅದಕ್ಕಿಂತ ಒಳ್ಳೆಯ ಕ್ರೀಡಾ ನೀತಿ ಇನ್ನೇನು ಬೇಕು?

ಆದರೆ ಒಂದು ಕಾಗದಕ್ಕೆ ಒಂದು ಮನೆಯ ಮೂವತ್ತು ವರ್ಷದ ಸಂಬಳ ಅಂಟಿಕೊಂಡಿದ್ದರೆ, ಅದನ್ನು ಪಡೆಯುವ ಅಡ್ಡದಾರಿಗಳೂ ಹುಟ್ಟಿಕೊಳ್ಳುತ್ತವೆ. ಕಾಲೇಜು ಕ್ರೀಡೆಯಲ್ಲಿ ನೀತಿ ನಿಯತ್ತು ಅಂತ ಭಾಷಣ ಬಿಗಿಯುವವರು ಈ ಲೆಕ್ಕವನ್ನು ಪಕ್ಕಕ್ಕಿಟ್ಟು ಮಾತಾಡುತ್ತಾರೆ. ಹುಡುಗರಿಗೆ ಆ ಲೆಕ್ಕ ಚೆನ್ನಾಗಿ ಗೊತ್ತಿರುತ್ತದೆ.

ನಾನೂ ಒಮ್ಮೆ ಈ ಲೆಕ್ಕದ ಒಳಗಿದ್ದೆ. ಡಿಗ್ರಿ ಎರಡನೇ ವರ್ಷ, ಅಂತರ ಕಾಲೇಜು ಕೂಟ. 4×400 ರಿಲೇಗೆ ನಾನು ಐದನೆಯವನು, ಅಂದರೆ ಸ್ಟ್ಯಾಂಡ್‌ಬೈ. ಮೂರನೇ ಲೆಗ್ ಓಡಬೇಕಿದ್ದವನಿಗೆ ಹಿಂದಿನ ದಿನ ತೊಡೆ ಹಿಡಿಯಿತು. ಸರಿ, ನನ್ನ ಸರದಿ ಬಂತು ಅಂತ ರಾತ್ರಿಯೆಲ್ಲ ನಿದ್ದೆ ಇಲ್ಲ. ಬೆಳಗ್ಗೆ ನೋಡಿದರೆ ಪಿ.ಡಿ. ಸರ್ (ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು) ಜೊತೆ ಹೊಸ ಮುಖ. ನಮ್ಮ ಕಾಲೇಜಿನವನಲ್ಲ. ನಮ್ಮ ಊರಿನವನೂ ಅಲ್ಲ. ಒಳ್ಳೇ ಓಟಗಾರ, ಅವನ ಸ್ಪೈಕ್ಸ್ ನೋಡಿದರೇ ಗೊತ್ತಾಗುತ್ತಿತ್ತು. ಎಲಿಜಿಬಿಲಿಟಿ ಫಾರ್ಮ್‌ನಲ್ಲಿ ನನ್ನ ಫೋಟೊ ಕಿತ್ತು ಅವನದ್ದು ಅಂಟಿಸಿದ್ದರು. ಪ್ರಿನ್ಸಿಪಾಲರ ಗೋಲ್ ಸೀಲು ಅರ್ಧ ಫೋಟೊ ಮೇಲೆ, ಅರ್ಧ ಕಾಗದದ ಮೇಲೆ ಇರಬೇಕಲ್ಲ, ಅದನ್ನೂ ಹೊಸದಾಗಿ ಒತ್ತಿದ್ದರು. ಹಳೇ ಸೀಲಿನ ನೀಲಿ ಕಲೆ ಪಕ್ಕದಲ್ಲೇ ಉಳಿದಿತ್ತು. ಓಟಕ್ಕೆ ಮುಂಚೆ ಹೆಸರು, ಕಾಗದ ನೋಡುವ ಕಾಲ್ ರೂಮ್‌ನಲ್ಲಿದ್ದವರು ಅದನ್ನು ನೋಡಲಿಲ್ಲವೋ, ನೋಡಿಯೂ ಸುಮ್ನಿದ್ದರೋ.

ಅವನು ನನ್ನ ಹೆಸರಲ್ಲಿ ಓಡಿದ. ನಮಗೆ ಎರಡನೇ ಸ್ಥಾನ. ಸರ್ಟಿಫಿಕೇಟು ನನ್ನ ಕೈಗೆ ಬಂತು. "ಇಟ್ಕೊಳೋ, ಮುಂದೆ ಕೆಲಸಕ್ಕೆ ಬರುತ್ತೆ" ಅಂದರು ಸರ್. ಕೆಟ್ಟ ಮನುಷ್ಯ ಅಲ್ಲ ಅವರು. ಬೆಳಗ್ಗೆ ಐದಕ್ಕೇ ಮೈದಾನಕ್ಕೆ ಬರುತ್ತಿದ್ದರು, ಊಟಕ್ಕಿಲ್ಲದ ಹುಡುಗರಿಗೆ ತಮ್ಮ ಜೇಬಿನಿಂದ ಮೊಟ್ಟೆ, ಬಾಳೆಹಣ್ಣು ತರುತ್ತಿದ್ದರು. ಪದಕ ಬರದಿದ್ದರೆ ಮುಂದಿನ ವರ್ಷ ಕ್ರೀಡೆಯ ದುಡ್ಡಿಗೆ ಕತ್ತರಿ ಬೀಳುತ್ತೆ ಎಂಬ ಭಯ ಅವರದು. ನಾನೂ ಆ ಸರ್ಟಿಫಿಕೇಟನ್ನು ವಾಪಸ್ ಕೊಡಲಿಲ್ಲ. ಈಗಲೂ ನಮ್ಮ ಮನೆಯ ಟ್ರಂಕಿನಲ್ಲಿದೆ. ಕೂಟದ ಶುರುವಿನಲ್ಲಿ ಪ್ರತಿಜ್ಞೆ ಓದಿದ್ದೂ ನಮ್ಮ ಕಾಲೇಜಿನ ನಾಯಕನೇ ಅನ್ನುವುದು ಆಮೇಲೆ ನೆನಪಾಯಿತು.

ಇಂಥ ಆಟಕ್ಕೆ ಹಲವು ರೂಪ. ಒಬ್ಬನ ಬದಲು ಇನ್ನೊಬ್ಬ ಆಡುವುದು ಒಂದು. ಒಳ್ಳೆಯ ಆಟಗಾರನಿಗೆ ಹೆಸರಿಗಷ್ಟೇ ಅಡ್ಮಿಷನ್ ಕೊಟ್ಟು, ತರಗತಿಯ ಮುಖವನ್ನೇ ತೋರಿಸದೆ ಕೂಟಕ್ಕೆ ಮಾತ್ರ ಕರೆಸುವುದು ಇನ್ನೊಂದು. ಮೂರನೆಯದು ವಯಸ್ಸು ಇಳಿಸುವುದು. ಇದರ ಬೀಜ ಹೈಸ್ಕೂಲಿನಲ್ಲೇ ಬಿದ್ದಿರುತ್ತದೆ, ಕಾಲೇಜಿಗೆ ಬರುವಷ್ಟರಲ್ಲಿ ಆ ಸುಳ್ಳು ವಯಸ್ಸೇ ದಾಖಲೆಯಾಗಿ ಗಟ್ಟಿಯಾಗಿರುತ್ತದೆ. ವಯಸ್ಸಿನ ಮೋಸ ತಡೆಯಲು ಕೇಂದ್ರ ಕ್ರೀಡಾ ಸಚಿವಾಲಯ 2010ರಲ್ಲೇ ಒಂದು ಸಂಹಿತೆ ತಂದಿತು. ಮುಂಗೈ ಮೂಳೆಯ ಎಕ್ಸ್‌ರೇ ತೆಗೆದು ವಯಸ್ಸು ಅಂದಾಜು ಮಾಡುವ ಕ್ರಮ ಆಗಿನಿಂದ ಜಾರಿಯಲ್ಲಿದೆ. ಆದರೆ ಎಕ್ಸ್‌ರೇ ತಲುಪುವುದು ದೊಡ್ಡ ಕೂಟಗಳಿಗೆ. ತಾಲ್ಲೂಕು, ಜಿಲ್ಲಾ ಮಟ್ಟದ ಕೂಟಗಳಲ್ಲಿ ಒಂದು ಟೇಬಲ್ಲು, ಎರಡು ಕುರ್ಚಿ, ಒಂದು ಕಟ್ಟು ಫಾರ್ಮು, ಅಷ್ಟೇ.

ಇದು ನಮ್ಮವರ ಕೆಟ್ಟಬುದ್ಧಿ ಅಂತ ತೀರ್ಮಾನಕ್ಕೆ ಬರಬೇಡಿ. ಅಮೆರಿಕದಲ್ಲಿ 2019ರಲ್ಲಿ ಬಯಲಾದ ಪ್ರಕರಣ ನೆನಪಿದೆಯಾ? ಆಟವನ್ನೇ ಆಡದ ಶ್ರೀಮಂತರ ಮಕ್ಕಳನ್ನು ಕ್ರೀಡಾಪಟುಗಳು ಅಂತ ತೋರಿಸಿ, ಕೋಚ್‌ಗಳಿಗೆ ಲಂಚ ಕೊಟ್ಟು, ಯೇಲ್‌ನಂಥ ವಿವಿಗಳಲ್ಲಿ ಸೀಟು ಗಿಟ್ಟಿಸಿದ್ದರು. ಬೇರೆ ಆಟಗಾರರ ಮೈಗೆ ಈ ಮಕ್ಕಳ ತಲೆ ಅಂಟಿಸಿದ ಫೋಟೊಗಳೂ ಸಿಕ್ಕವು. ನಮ್ಮ ಪಿ.ಡಿ. ಸರ್ ಗೋಂದು ಹಚ್ಚಿದ್ದರು, ಅವರು ಫೋಟೊಶಾಪ್ ಬಳಸಿದ್ದರು. ವ್ಯತ್ಯಾಸ ಅಷ್ಟೇ ಅಲ್ವಾ?

ಈಗ ಮತ್ತೆ ಸಿರಿಂಜಿನ ವಿಷಯಕ್ಕೆ ಬರೋಣ. ಇದೇ ಹೆಚ್ಚು ಭಯ ಹುಟ್ಟಿಸುವ ಭಾಗ.

ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ ವಾಡಾದ ಲೆಕ್ಕದ ಪ್ರಕಾರ 2022ರಲ್ಲಿ ಭಾರತ ಪರೀಕ್ಷಿಸಿದ ಮಾದರಿಗಳು 3,865. ಅದರಲ್ಲಿ 125 ಪಾಸಿಟಿವ್. 2023ರಲ್ಲಿ 5,606 ಮಾದರಿಗಳಲ್ಲಿ 214. 2024ರಲ್ಲಿ 7,113ರಲ್ಲಿ 260. ಹೆಚ್ಚು ಪರೀಕ್ಷೆ ನಡೆಸುವ ದೇಶಗಳ ಸಾಲಿನಲ್ಲಿ ಪಾಸಿಟಿವ್ ಪ್ರಮಾಣದಲ್ಲಿ ಸತತ ಮೂರು ವರ್ಷ ನಾವೇ ಮೊದಲು. 2024ರಲ್ಲಿ ಚೀನಾ 24 ಸಾವಿರಕ್ಕೂ ಜಾಸ್ತಿ ಮಾದರಿ ಪರೀಕ್ಷಿಸಿತು, ಸಿಕ್ಕಿಬಿದ್ದದ್ದು 43.

ಈ ಅಂಕಿಯನ್ನು ಹುಷಾರಾಗಿ ಓದಬೇಕು. ಪಾಸಿಟಿವ್ ಬಂದವರೆಲ್ಲ ಮೋಸಗಾರರಲ್ಲ. ಕಾಯಿಲೆಗೆ ಅನುಮತಿ ಪಡೆದು ಮದ್ದು ತೆಗೆದುಕೊಂಡವರೂ ಅದರಲ್ಲಿ ಸೇರಿರುತ್ತಾರೆ. ಇನ್ನು, ಪರೀಕ್ಷೆ ಜಾಸ್ತಿ ಮಾಡಿದಷ್ಟೂ ಸಿಕ್ಕಿಬೀಳುವವರೂ ಜಾಸ್ತಿ, ಹಾಗಾಗಿ ಇದು ನಾಡಾ ಚುರುಕಾದ ಗುರುತು ಅಂತ ಸಮರ್ಥನೆ ಕೊಡುವವರಿದ್ದಾರೆ. ಅರ್ಧ ಒಪ್ಪುತ್ತೇನೆ. 125 ಇದ್ದದ್ದು 260 ಆದದ್ದಕ್ಕೆ ಅದು ಉತ್ತರ ಆಗಬಹುದು. ಆದರೆ ನೂರಕ್ಕೆ ಮೂರೂವರೆ ಎಂಬ ಪ್ರಮಾಣಕ್ಕೆ ಅದು ಉತ್ತರ ಅಲ್ಲ. ಪರೀಕ್ಷೆ ಎರಡು ಪಟ್ಟಿನ ಹತ್ತಿರ ಹೋದರೂ ಆ ಪ್ರಮಾಣ ಇಳಿದಿಲ್ಲ. ಅಂದರೆ ಬಲೆ ದೊಡ್ಡದಾದರೂ ಮೀನು ಹೆದರಿಲ್ಲ.

ಯಾಕೆ ಹೆದರಿಲ್ಲ? ಪರೀಕ್ಷೆ ಹೇಗೆ ನಡೆಯುತ್ತದೆ ಅಂತ ನೋಡಿದರೆ ಸ್ವಲ್ಪ ಅರ್ಥವಾಗುತ್ತದೆ. ಓಟ ಮುಗಿದ ಕೂಡಲೇ ಒಬ್ಬರು ಬಂದು ಪಕ್ಕದಲ್ಲಿ ನಿಲ್ಲುತ್ತಾರೆ. ಅಲ್ಲಿಂದ ಮುಂದೆ ಅವರ ಕಣ್ತಪ್ಪಿ ಎಲ್ಲಿಗೂ ಹೋಗುವಂತಿಲ್ಲ. ಅಂಗಿ ಎದೆ ತನಕ ಎತ್ತಿ, ಚಡ್ಡಿ ಮೊಣಕಾಲ ತನಕ ಇಳಿಸಿ, ಅವರ ಕಣ್ಣೆದುರೇ 90 ಮಿಲಿ ಮೂತ್ರ ಕೊಡಬೇಕು. ಬೆವರು ಸುರಿಸಿ ಓಡಿ ಬಂದ ಮೈಯಲ್ಲಿ ಅಷ್ಟು ನೀರು ಎಲ್ಲಿಂದ ಬರಬೇಕು? ಕೆಲವರಿಗೆ ಎರಡು ಮೂರು ಗಂಟೆ ಹಿಡಿಯುತ್ತದೆ. ಆಮೇಲೆ ಅದನ್ನು ಎ, ಬಿ ಅಂತ ಎರಡು ಗಾಜಿನ ಬಾಟಲಿಗೆ ಹಂಚಿ, ಆಟಗಾರನ ಕೈಯಲ್ಲೇ ಸೀಲ್ ಮಾಡಿಸಿ, ದೆಹಲಿಯ ಪ್ರಯೋಗಾಲಯಕ್ಕೆ ಕಳಿಸಬೇಕು. ಇದಕ್ಕೆಲ್ಲ ಜನ ಬೇಕು, ದುಡ್ಡು ಬೇಕು. ದೇಶದ ಎಲ್ಲ ಆಟಗಳಿಗೂ ಸೇರಿ ವರ್ಷಕ್ಕೆ ಏಳು ಸಾವಿರ ಚಿಲ್ಲರೆ ಮಾದರಿ ಅಂದರೆ ಅದರಲ್ಲಿ ಕಾಲೇಜು ಕೂಟದ ಪಾಲು ಎಷ್ಟಿರಬಹುದು, ನೀವೇ ಊಹಿಸಿ. ನಮ್ಮ ವಲಯ ಮಟ್ಟದ ಕೂಟದಲ್ಲಿ ನಾಡಾದವರನ್ನು ನಾನಂತೂ ಕಂಡಿಲ್ಲ.

ಮದ್ದು ಮಾತ್ರ ಸುಲಭವಾಗಿ ಸಿಗುತ್ತದೆ. ಆಪರೇಷನ್ ಹೊತ್ತಿನಲ್ಲಿ ಬಿಪಿ ಕುಸಿದರೆ ಏರಿಸಲು ಕೊಡುವ ಮೆಫೆಂಟರ್ಮಿನ್ ಇಂಜೆಕ್ಷನ್ ಜಿಮ್ಮುಗಳಲ್ಲಿ ಸಿಕ್ಕ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ಇದರ ಜೊತೆಗೆ ಗೊತ್ತಿಲ್ಲದೆ ಸಿಕ್ಕಿಹಾಕಿಕೊಳ್ಳುವವರ ಕಥೆ ಬೇರೆ. ನೆಗಡಿ ಮಾತ್ರೆಯಲ್ಲಿರುವ ಸ್ಯೂಡೊಎಫೆಡ್ರಿನ್ ಸ್ಪರ್ಧೆಯ ದಿನ ಮಿತಿ ಮೀರಿ ಮೈಯಲ್ಲಿದ್ದರೆ ಅದೂ ತಪ್ಪೇ. ಯಾವ ಮಾತ್ರೆ ತೆಗೆದುಕೊಳ್ಳಬಹುದು ಅಂತ ನೋಡಿಕೊಳ್ಳಲು ನಾಡಾದ 'ನೋ ಯುವರ್ ಮೆಡಿಸಿನ್' ಎಂಬ ಆ್ಯಪ್ ಇದೆ. ನಾಲ್ಕೈದು ಕಾಲೇಜು ಹುಡುಗರನ್ನು ಕೇಳಿದೆ. ಒಬ್ಬರಿಗೂ ಗೊತ್ತಿರಲಿಲ್ಲ. ಪ್ರೋಟೀನ್ ಡಬ್ಬಿಗಳ ಹೆಸರು ಮಾತ್ರ ರೇಟ್ ಸಮೇತ ಬಾಯಿಪಾಠ.

ಸಿಕ್ಕಿಬಿದ್ದರೆ ಏನಾಗುತ್ತದೆ? ಇಲ್ಲಿ ನಮ್ಮ ಉಡುಪಿ ಜಿಲ್ಲೆಯ ಸಿದ್ದಾಪುರದ ಅಶ್ವಿನಿ ಅಕ್ಕುಂಜೆ ನೆನಪಾಗುತ್ತಾರೆ. 2010ರಲ್ಲಿ ದೆಹಲಿ ಕಾಮನ್‌ವೆಲ್ತ್ ಕೂಟದ 4×400 ರಿಲೇಯಲ್ಲಿ ಚಿನ್ನ. ಅದೇ ವರ್ಷ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್‌ನಲ್ಲೂ ರಿಲೇಯಲ್ಲೂ ಚಿನ್ನ. ಇಡೀ ಕರಾವಳಿ ಕುಣಿದಿತ್ತು. 2011ರಲ್ಲಿ ಅವರೂ ಜೊತೆಯ ಕೆಲವು ಓಟಗಾರ್ತಿಯರೂ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಉಕ್ರೇನಿನ ಕೋಚ್ ಕೊಟ್ಟ, ಚೀನಾದಿಂದ ತಂದ ಜಿನ್ಸೆಂಗ್‌ನಿಂದ ಹೀಗಾಯಿತು ಎಂಬುದು ಅವರ ವಾದ. ಕೋಚನ್ನು ಕೆಲಸದಿಂದ ತೆಗೆದರು. ಹುಡುಗಿಯರಿಗೆ ಮೊದಲು ಒಂದು ವರ್ಷ ನಿಷೇಧ, ಆಮೇಲೆ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿಯಲ್ಲಿ ಅದು ಎರಡು ವರ್ಷಕ್ಕೆ ಏರಿತು. ಲಂಡನ್ ಒಲಿಂಪಿಕ್ಸ್ ಕೈತಪ್ಪಿತು.

ನಿಯಮ ಸ್ಪಷ್ಟ ಇದೆ. ನಿನ್ನ ಮೈಯಲ್ಲಿ ಸಿಕ್ಕಿದ್ದಕ್ಕೆ ನೀನೇ ಜವಾಬ್ದಾರ, ಯಾರು ಕೊಟ್ಟರು ಎಂಬುದು ಆಮೇಲಿನ ಮಾತು. ಈ ನಿಯಮವನ್ನು ನಾನು ವಿರೋಧಿಸುವುದಿಲ್ಲ. ಅದನ್ನು ಸಡಿಲ ಮಾಡಿದರೆ ಸಿಕ್ಕಿಬಿದ್ದ ಪ್ರತಿಯೊಬ್ಬರೂ ಕೋಚ್ ಕಡೆ ಬೆರಳು ತೋರಿಸುತ್ತಾರೆ. ಆದರೆ ಅನುಭವಿ ಅಂತರರಾಷ್ಟ್ರೀಯ ಓಟಗಾರ್ತಿಗೇ ಕೋಚ್ ಕೊಟ್ಟಿದ್ದನ್ನು ಬೇಡ ಅನ್ನಲು ಆಗಲಿಲ್ಲ ಅನ್ನುವುದಾದರೆ, ಹಾಸ್ಟೆಲ್ ಊಟ, ಫೀಸು, ತಂಡದಲ್ಲಿ ಜಾಗ ಎಲ್ಲಕ್ಕೂ ಒಬ್ಬರನ್ನೇ ನಂಬಿಕೊಂಡ ಹತ್ತೊಂಬತ್ತರ ಹುಡುಗ ಹೇಗೆ ಬೇಡ ಅಂದಾನು?

ವಾಡಾ ಸಂಹಿತೆಯಲ್ಲಿ ಕೋಚ್‌ಗಳಿಗೂ ಶಿಕ್ಷೆ ಇದೆ. ನಿಷೇಧಕ್ಕೆ ಒಳಗಾದ ಕೋಚ್ ಜೊತೆ ಗೊತ್ತಿದ್ದೂ ಸಂಬಂಧ ಇಟ್ಟುಕೊಂಡರೆ ಆಟಗಾರನಿಗೂ ಶಿಕ್ಷೆ. 18 ದಾಟದ ಮಕ್ಕಳು ಸಿಕ್ಕಿಬಿದ್ದರೆ ಅವರ ಸುತ್ತಲಿನ ದೊಡ್ಡವರ ವಿಚಾರಣೆ ತಾನಾಗಿಯೇ ಶುರುವಾಗಬೇಕು ಅಂತಲೂ ಇದೆ. ಭಾರತದ ಉದ್ದೀಪನ ಮದ್ದು ತಡೆ ಕಾಯ್ದೆ 2022ರಲ್ಲಿ ಬಂತು. 2025ರಲ್ಲಿ ಅಥ್ಲೆಟಿಕ್ಸ್ ಫೆಡರೇಶನ್, ಕೋಚ್‌ಗಳೆಲ್ಲ ತನ್ನಲ್ಲಿ ಹೆಸರು ನೋಂದಾಯಿಸಬೇಕು, ಇಲ್ಲದಿದ್ದರೆ ಕಪ್ಪುಪಟ್ಟಿ ಎಂದಿತು. ಒಳ್ಳೆಯದೇ. ಆದರೆ ಕಾಲೇಜಿನ ಮೈದಾನದಲ್ಲಿ ಸಂಜೆ ಹೊತ್ತು ಬಂದು ತರಬೇತಿ ಕೊಟ್ಟು ಹೋಗುವವನು ಯಾರ ಪಟ್ಟಿಯಲ್ಲಿದ್ದಾನೆ? ಕಾಲೇಜಿನ ಸಂಬಳದ ಪಟ್ಟಿಯಲ್ಲೇ ಅವನ ಹೆಸರು ಇರುವುದಿಲ್ಲ.

ಇಲ್ಲಿ ಒಲಿಂಪಿಕ್ಸ್ ಪ್ರತಿಜ್ಞೆಯ ಇತಿಹಾಸ ನನಗೆ ತುಂಬಾ ಮಜಾ ಅನ್ನಿಸುತ್ತದೆ. ಆಟಗಾರರು ಮೊದಲು ಪ್ರತಿಜ್ಞೆ ಓದಿದ್ದು 1920ರ ಆಂಟ್‌ವರ್ಪ್ ಕೂಟದಲ್ಲಿ. ತೀರ್ಪುಗಾರರೂ ಪ್ರತಿಜ್ಞೆ ಮಾಡಬೇಕು ಅಂತ ಹೊಳೆದದ್ದು 1972ರಲ್ಲಿ. ಕೋಚ್‌ಗಳ ಸರದಿ ಒಲಿಂಪಿಕ್ಸ್‌ನಲ್ಲಿ ಬಂದದ್ದು 2012ರಲ್ಲಿ, ಲಂಡನ್ನಿನಲ್ಲಿ. ಓಡುವವರಿಂದ ಮಾತು ತೆಗೆದುಕೊಂಡು, ಓಡಿಸುವವರಿಂದಲೂ ತೆಗೆದುಕೊಳ್ಳಲು 92 ವರ್ಷ ಬೇಕಾಯಿತು! ನಮ್ಮ ಕಾಲೇಜು ಕೂಟಗಳಂತೂ ಇನ್ನೂ 1920ರಲ್ಲೇ ಇವೆ.

ಹಾಗಂತ ಕ್ರೀಡಾಮನೋಭಾವ ಅನ್ನುವುದು ಬರೀ ಶಿಕ್ಷೆ, ನಿಯಮದ ಮಾತಲ್ಲ. 2008ರ ಏಪ್ರಿಲ್‌ನಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಎಲೆನ್ಸ್‌ಬರ್ಗ್‌ನಲ್ಲಿ ಎರಡು ಕಾಲೇಜುಗಳ ಹುಡುಗಿಯರ ಸಾಫ್ಟ್‌ಬಾಲ್ ಪಂದ್ಯ ನಡೆಯುತ್ತಿತ್ತು. ವೆಸ್ಟರ್ನ್ ಒರೆಗಾನ್ ತಂಡದ ಸಾರಾ ಟುಕೋಲ್ಸ್ಕಿ ತನ್ನ ಬದುಕಿನ ಮೊದಲ ಹೋಮ್ ರನ್ ಹೊಡೆದಳು. ಚೆಂಡನ್ನು ಬೇಲಿಯಾಚೆ ಕಳಿಸಿದರೂ ಸುತ್ತಲಿನ ಬೇಸ್‌ಗಳನ್ನೆಲ್ಲ ಮುಟ್ಟಿ ಬಂದರೆ ಮಾತ್ರ ಅದು ಲೆಕ್ಕ. ಖುಷಿಯಲ್ಲಿ ಮೊದಲ ಬೇಸ್ ಮುಟ್ಟುವುದನ್ನೇ ಮರೆತಳು. ವಾಪಸ್ ತಿರುಗುವಾಗ ಮಂಡಿ ಹೊರಳಿ ಬಿದ್ದಳು. ಅವಳ ತಂಡದವರು ಮುಟ್ಟಿದರೆ ಔಟ್ ಅಂದರು ಅಂಪೈರ್. ಆಗ ಎದುರಾಳಿ ಸೆಂಟ್ರಲ್ ವಾಷಿಂಗ್ಟನ್ ತಂಡದ ಮ್ಯಾಲರಿ ಹೋಲ್ಟ್‌ಮನ್ ಕೇಳಿದಳು: ನಾವು ಎತ್ತಿಕೊಂಡು ಹೋಗಬಹುದಾ? ಅವಳೂ ಜೊತೆಗಾತಿ ಲಿಜ್ ವ್ಯಾಲೆಸ್ ಕೂಡ ಸಾರಾಳನ್ನು ಎತ್ತಿಕೊಂಡು ಸುತ್ತಿದರು. ಪ್ರತಿ ಬೇಸ್ ಬಳಿ ಬಗ್ಗಿ, ಅವಳ ನೋವಿಲ್ಲದ ಕಾಲನ್ನು ತಾಗಿಸಿ ಮುಂದೆ ಹೋದರು. ಪಂದ್ಯ 4-2ರಲ್ಲಿ ಸೋತರು.

ಈ ಕಥೆಯನ್ನು ಸಾಮಾನ್ಯವಾಗಿ ಕಣ್ಣೀರಿನ ಜೊತೆ ಹೇಳುತ್ತಾರೆ. ನನಗೆ ಬೇರೆಯೇ ಪ್ರಶ್ನೆ. ಅದೇ ಪಂದ್ಯದ ಮೇಲೆ ಹೋಲ್ಟ್‌ಮನ್ ಮನೆಯ ಅಕ್ಕಿ ಬೇಳೆ ನಿಂತಿದ್ದರೆ ಹೀಗೆ ಮಾಡುತ್ತಿದ್ದಳಾ? ಮಾಡುತ್ತಿದ್ದಳೇನೋ. ಆದರೆ ಎಲ್ಲರಿಂದ ಅಂಥದ್ದನ್ನು ಬಯಸುವುದು ನ್ಯಾಯ ಅಲ್ಲ. ನಮ್ಮ ಕಡೆ ಹಬ್ಬದ ಕಬಡ್ಡಿಯಲ್ಲಿ ಅಂಪೈರ್ ಸೀಟಿ ಊದುವ ಮೊದಲೇ "ಮುಟ್ಟಿದ ಸಾರ್" ಅಂತ ಕೈ ಎತ್ತಿ ಹೊರನಡೆಯುವ ಹುಡುಗರಿದ್ದಾರೆ. ಅದೇ ಹುಡುಗ ವಿವಿ ತಂಡದ ಆಯ್ಕೆ ಪಂದ್ಯದಲ್ಲಿ ಕೈ ಎತ್ತುವುದಿಲ್ಲ. ಅವನ ಗುಣ ಒಂದು ವಾರದಲ್ಲಿ ಕೆಟ್ಟುಹೋಯಿತಾ? ಇಲ್ಲ. ಸತ್ಯ ಹೇಳುವುದರ ಬೆಲೆ ಜಾಸ್ತಿಯಾಯಿತು.

ಹಾಗಾಗಿ ನನ್ನ ತಕರಾರು ಇಷ್ಟೇ. ಹುಡುಗರಿಗೆ ಕಾರ್ಯಾಗಾರ ಮಾಡುವುದಕ್ಕಿಂತ ಮೊದಲು ದೊಡ್ಡವರ ಲೆಕ್ಕ ಸರಿಮಾಡಿ. ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎಯಲ್ಲಿ ಹತ್ತಾರು ದೋಷಗಳಿವೆ, ಆದರೆ ಒಂದು ನಿಯಮ ಕಲಿಯುವಂಥದ್ದು. ತಪ್ಪು ಮಾಡಿದ ಕೋಚ್ ಕಾಲೇಜು ಬದಲಿಸಿದರೂ ಶಿಕ್ಷೆ ಅವನ ಬೆನ್ನಿಗೇ ಹೋಗುತ್ತದೆ. ಅವನನ್ನು ಕೆಲಸಕ್ಕೆ ತೆಗೆದುಕೊಳ್ಳುವ ಹೊಸ ಕಾಲೇಜು ಒಂದೋ ಆ ನಿರ್ಬಂಧ ಪಾಲಿಸಬೇಕು, ಇಲ್ಲವೇ ಯಾಕೆ ಪಾಲಿಸುವುದಿಲ್ಲ ಅಂತ ಬಂದು ವಿವರಣೆ ಕೊಡಬೇಕು. ನಮ್ಮಲ್ಲಿ ಬದಲಿ ಆಟಗಾರ ಸಿಕ್ಕಿಬಿದ್ದರೆ ಹೆಚ್ಚೆಂದರೆ ತಂಡ ಹೊರಗೆ. ಫಾರ್ಮಿಗೆ ಸೀಲು ಒತ್ತಿದ ಕೈಗೆ ಏನೂ ಆಗುವುದಿಲ್ಲ.

ಕಾಗದದ ಮೋಸಕ್ಕೆ ಮದ್ದು ನಿಜವಾಗಿ ಸುಲಭ. ಈಗ ವಿದ್ಯಾರ್ಥಿಗಳಿಗೆ ಅಪಾರ್ ಐಡಿ, ಅಂದರೆ ಒಬ್ಬೊಬ್ಬರಿಗೂ ಒಂದೊಂದು ಗುರುತಿನ ಸಂಖ್ಯೆ, ಬಂದಿದೆ. ಚೆಸ್ಟ್ ನಂಬರನ್ನು ಅದಕ್ಕೆ ಜೋಡಿಸಿ, ಕಾಲ್ ರೂಮ್‌ನಲ್ಲಿ ಫೋಟೊ ಹೊಂದಿಸಿ ನೋಡಲು ಒಂದು ಮೊಬೈಲು ಸಾಕು. 2020ರ ಜನವರಿಯಲ್ಲಿ ಮೂಡುಬಿದಿರೆಯ ಸ್ವರಾಜ್ ಮೈದಾನದಲ್ಲಿ ಅಖಿಲ ಭಾರತ ಅಂತರ ವಿವಿ ಅಥ್ಲೆಟಿಕ್ಸ್ ನಡೆದಾಗ ದೇಶದ ಮೂಲೆಮೂಲೆಯಿಂದ ಮಕ್ಕಳು ಬಂದಿದ್ದರು. ಅಷ್ಟು ಜನರಿಗೆ ಊಟ, ವಸತಿ, ಟ್ರ್ಯಾಕ್ ಒದಗಿಸುವ ತಾಕತ್ತು ನಮಗಿದೆ ಅಂದಮೇಲೆ ಫೋಟೊ ಹೊಂದಿಸುವುದು ಯಾವ ದೊಡ್ಡ ಕೆಲಸ? ಪಿ.ಡಿ.ಗಳ ಕೆಲಸವನ್ನು ಬರೀ ಪದಕದಿಂದ ಅಳೆಯುವುದನ್ನು ಬಿಡುವುದು ಮಾತ್ರ ಕಷ್ಟ. ಎಷ್ಟು ಮಕ್ಕಳು ಮೂರು ವರ್ಷ ಆಟ ಬಿಡದೆ, ಪಾಸೂ ಆಗಿ ಹೊರಬಂದರು ಅಂತ ಯಾರೂ ಫ್ಲೆಕ್ಸ್ ಹಾಕಿಸುವುದಿಲ್ಲ.

ಹುಡುಗಿಯರ ವಿಷಯವನ್ನು ಇಷ್ಟರಲ್ಲೇ ಮುಗಿಸಿದರೆ ತಪ್ಪಾಗುತ್ತದೆ, ಅದಕ್ಕೆ ಬೇರೆಯೇ ಲೇಖನ ಬೇಕು. ಒಂದೇ ಮಾತು. ತಂಡದ ಜೊತೆ ಊರೂರು ತಿರುಗುವ ಹುಡುಗಿಯರ ಜೊತೆ ಒಬ್ಬ ಮಹಿಳಾ ಸಿಬ್ಬಂದಿ ಇರಲೇಬೇಕು, ದೂರು ಕೊಡಲು ಕೋಚ್‌ಗೆ ಸಂಬಂಧವಿಲ್ಲದ ಒಬ್ಬರ ನಂಬರ್ ಅವರ ಕೈಯಲ್ಲಿರಬೇಕು. ಇದೂ ಕಾಲೇಜು ಕ್ರೀಡೆಯ ನೀತಿಯೇ.

ಹೋದ ಸಲ ಒಂದು ಅಂತರ ಕಾಲೇಜು ಕೂಟಕ್ಕೆ ನೆಂಟರ ಹುಡುಗನನ್ನು ನೋಡಲು ಹೋಗಿದ್ದೆ. ಉದ್ಘಾಟನೆ ಒಂದೂವರೆ ಗಂಟೆ ತಡ. ಬಿಸಿಲಲ್ಲಿ ತಂಡಗಳು ಸಾಲಾಗಿ ನಿಂತಿದ್ದವು. ಒಬ್ಬಳು ಹುಡುಗಿ ಮೈಕ್ ಮುಂದೆ ಬಲಗೈ ಚಾಚಿ ಪ್ರತಿಜ್ಞೆ ಓದಿದಳು. ಹಿಂದೆ ನಿಂತ ನೂರಾರು ಮಕ್ಕಳೂ ಕೈ ಚಾಚಿ ಒಂದೊಂದೇ ಸಾಲು ಹೇಳಿದರು. ಶಾಮಿಯಾನದ ಕೆಳಗಿದ್ದವರು ಯಾರೂ ಕೈ ಎತ್ತಲಿಲ್ಲ. ಅವರಿಗೆ ಅಷ್ಟರಲ್ಲಿ ಟೀ ಬಂದಿತ್ತು.